ವಿಭೂತಿ ಹಚ್ಚಿದ ಡಿಸ್ಕು

ಕೊಟ್ಟೂರೇಶ ತೀರಿಕೊಂಡ. ೧೯೯೯ರ ಡಿಸೆಂಬರ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ದಾವಣಗೆರೆಯ ಮಂಡಿಪೇಟೆಯಲ್ಲಿ, ಎರಡನೇ ಮಹಡಿಯ ಅಂಗಡಿಗೆ ಹತ್ತುವ ಮೆಟ್ಟಿಲ ಮೇಲೆ. ವಯಸ್ಸು ಮೂವತ್ತೊಂದು. ಹೃದಯದ ಕವಾಟ ಚಿಕ್ಕಂದಿನಲ್ಲೇ ಕೆಟ್ಟಿತ್ತು. ಸಂಜೆ ಹರಿಹರಕ್ಕೆ ಒಯ್ದರು, ಬೆಳಿಗ್ಗೆ ಮಣ್ಣು ಮಾಡಿದರು. ಅಂಗಡಿಯ ಮಾಲೀಕ ಕಲ್ಲೇಶಪ್ಪ ಮಣ್ಣಿಗೆ ಬಂದಿದ್ದ. ಕೈಕಾಲು ತೊಳೆದುಕೊಂಡು ಸಿಕ್ಕ ಬಸ್ಸು ಹತ್ತಿ ವಾಪಸು ಹೋಗಿ ಬಾಗಿಲು ತೆಗೆದ. ಆ ವಾರ ಅಂಗಡಿಯಲ್ಲಿ ಕೆಲಸ ಬಹಳ ಇತ್ತು.

ಕಲ್ಲೇಶಪ್ಪ ಹೊರಗಿನವನಲ್ಲ, ಕೊಟ್ಟೂರೇಶನ ದೊಡ್ಡಪ್ಪನ ಮಗ. ಕೊಟ್ಟೂರೇಶ ಹೊಟ್ಟೆಯಲ್ಲಿದ್ದಾಗಲೇ ಅವನ ಅಪ್ಪ ಹೋಗಿದ್ದ. ತಾಯಿ ಮರುಳಸಿದ್ದಮ್ಮ ಹರಿಹರದಲ್ಲಿ ಹೊಲಿಗೆ ಯಂತ್ರ ತುಳಿದು ಮನೆ ನಡೆಸುತ್ತಿದ್ದಳು. ಹುಡುಗ ಹೈಸ್ಕೂಲಿಗೆ ಬಂದಾಗ ದೊಡ್ಡಮ್ಮ ಬಸವಣ್ಣೆಮ್ಮ ಅವನನ್ನು ದಾವಣಗೆರೆಗೆ ಕರೆತಂದು ತನ್ನ ಮನೆಯಲ್ಲಿಟ್ಟುಕೊಂಡಳು. ಜ್ವರ ಬಂದು ಕೀಲುಕೀಲು ಊದಿಕೊಂಡು ಅವನು ಮಲಗಿದ್ದ ವರ್ಷ, ಅಂಗಾಲು ತಿಕ್ಕುತ್ತ ಕೂತವಳು ಅವಳೇ. ಹಾಲಿನ ಕೆನೆ ಮೊದಲು ಅವನ ಲೋಟಕ್ಕೆ ಬೀಳುತ್ತಿತ್ತು, ಸ್ವಂತ ಮಗನಿಗೆ ಆಮೇಲೆ. ಆ ಕೆನೆಯನ್ನು ಕಲ್ಲೇಶಪ್ಪ ನಲವತ್ತು ದಾಟಿದ ಮೇಲೂ ಮರೆತಿರಲಿಲ್ಲ.

ಅಂಗಡಿಯಲ್ಲಿ ಒಳ್ಳೆಯ ಕಂಪ್ಯೂಟರ್ ಒಂದು, ಲೇಸರ್ ಪ್ರಿಂಟರ್ ಒಂದು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕೈಲಾಸ ಸಮಾರಾಧನೆಯ ಕಾರ್ಡು, ಎಲ್ಲವನ್ನೂ ಕೊಟ್ಟೂರೇಶನೇ ಟೈಪು ಮಾಡುತ್ತಿದ್ದ. ಈಗ ಹರಿಹರದ ತಾಯಿಯ ಮನೆಯಿಂದ ದಿನವೂ ಬಂದು ಹೋಗುತ್ತಿದ್ದ. ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದರು. ಮೆಟ್ಟಿಲು ಹತ್ತದೆ ಅನ್ನ ಇರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ. ಹರಿಹರದ ಸ್ಟೇಷನ್ ಎದುರು ನೆಲಮಟ್ಟದಲ್ಲೊಂದು ಚಿಕ್ಕ ಕೋಣೆ, ಅದರಲ್ಲಿ ತನ್ನದೇ ಒಂದು ಅಂಗಡಿ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಸಿಗುತ್ತಿತ್ತು, ಪ್ರಿಂಟರೂ ಸಿಗುತ್ತಿತ್ತು. ಅದರೊಳಗೆ ಹಾಕುವ ಸಾಫ್ಟ್‌ವೇರ್ ಮಾತ್ರ ಕೊಂಡು ಪೂರೈಸುವಂಥದ್ದಲ್ಲ. ಪೇಟೆಯಲ್ಲಿ ಎಲ್ಲರೂ ಕದ್ದ ಪ್ರತಿಯನ್ನೇ ಹಾಕಿಕೊಂಡು, ರೇಡು ಬಂತು ಎಂದರೆ ಷಟರ್ ಎಳೆದುಕೊಳ್ಳುತ್ತಿದ್ದರು. ಆ ಓಟ ಓಡುವ ಎದೆ ಅವನದಾಗಿರಲಿಲ್ಲ. ಹಾಗಿರುವಾಗ ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಲಿನಕ್ಸ್ ಎಂಬ ಸಾಫ್ಟ್‌ವೇರ್ ಸಿಕ್ಕಿತು. ಕೊಳ್ಳಬೇಕಿಲ್ಲ, ಕದಿಯಬೇಕಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕನ್ನಡ ಅದರಲ್ಲಿ ಬರುತ್ತಿರಲಿಲ್ಲ. ಬರುವ ತನಕ ಇಂಗ್ಲಿಷಿನ ಅರ್ಜಿ, ಬಯೋಡೇಟಾ, ಬಿಲ್ಲು ಮಾಡಿಕೊಂಡು ಕೂರುತ್ತೇನೆ ಎನ್ನುತ್ತಿದ್ದ. ಆದರೆ ಅಂಗಡಿಯ ಲೇಸರ್ ಪ್ರಿಂಟರನ್ನು ಅದು ಗುರುತಿಸುತ್ತಲೇ ಇರಲಿಲ್ಲ. ಅವನ ಕೈಗೆ ಎಟಕುವ ಪ್ರಿಂಟರ್ ಅದೇ ಮಾದರಿಯದು. ಅದು ನಡೆಯದಿದ್ದರೆ ಹರಿಹರದ ಅಂಗಡಿಯೂ ಇಲ್ಲ.

ಹೊಸ ಆವೃತ್ತಿಯೊಂದು ಬರಲಿದೆ, ಅದರಲ್ಲಿ ಇಂಥ ಪ್ರಿಂಟರುಗಳು ನಡೆಯುತ್ತವೆ ಎಂದು ಓದಿದ. ಬಿಡುಗಡೆಗೆ ಮೊದಲೇ ಹಾಕಿ ನೋಡಿ, ಎಲ್ಲಿ ಕೆಡುತ್ತದೆ ಎಂದು ತಿಳಿಸುವವರಿಗೆ ಪ್ರಾಯೋಗಿಕ ಸಿ.ಡಿ. ಕಳಿಸುತ್ತಿದ್ದರು. ಬೆಂಗಳೂರಿನ ಒಂದು ಗುಂಪಿಗೆ ಬರೆದು ತರಿಸಿಕೊಂಡ. ಕಲ್ಲೇಶಪ್ಪ ಊಟಕ್ಕೆ ಮನೆಗೆ ಹೋದಾಗ ಅಂಗಡಿಯ ಕಂಪ್ಯೂಟರಿನಿಂದ ಅಂಗಡಿಯ ಹಾರ್ಡ್ ಡಿಸ್ಕ್ ಬಿಚ್ಚಿ, ಟವೆಲಿನಲ್ಲಿ ಸುತ್ತಿಟ್ಟುಕೊಂಡ ತನ್ನ ಡಿಸ್ಕು ಸಿಕ್ಕಿಸುತ್ತಿದ್ದ. ಅಣ್ಣ ಬರುವುದರೊಳಗೆ ಮತ್ತೆ ಅದಲುಬದಲು. ಕಂಪ್ಯೂಟರಿನ ಪಕ್ಕದ ಮುಚ್ಚಳ ಯಾವಾಗಲೂ ತೆರೆದೇ ಇರುತ್ತಿತ್ತು. ಎರಡು ಡಿಸ್ಕೂ ಒಂದೇ ಕಡೆ, ಒಂದೇ ದಿನ ಕೊಂಡವು, ಒಂದರಂತೆ ಒಂದು. ಹಿಂದಿನ ವರ್ಷದ ಆಯುಧ ಪೂಜೆಯಲ್ಲಿ ಅಂಗಡಿಯದಕ್ಕೆ ಹಚ್ಚಿದ ವಿಭೂತಿಯ ಮೂರು ಗೆರೆ ಗಟ್ಟಿಯಾಗಿ ಕೂತಿದ್ದವು. ವಿಭೂತಿ ಇದ್ದದ್ದು ಅಂಗಡಿಯದು, ಬೋಳು ತನ್ನದು. ಅಷ್ಟೇ ಗುರುತು.

ಮೊದಲ ಪ್ರಾಯೋಗಿಕ ಸಿ.ಡಿ.ಯಲ್ಲಿ ಪರದೆ ಚಂದ ಬಂತು, ಮೌಸ್ ಓಡಿತು. ಪ್ರಿಂಟರ್ ಮಾತ್ರ ಅರ್ಥವಿಲ್ಲದ ಗುರುತುಗಳನ್ನು ಹಾಳೆಯ ಮೇಲೆ ಹಾಳೆ ಉಗುಳಿತು. ಅದೇ ಕಟ್ಟಡದ ಕೆಳಗೆ ಪ್ರಿಂಟರ್ ರಿಪೇರಿ ಮಾಡುತ್ತಿದ್ದ ಗೆಳೆಯ ಮುನಾಫನಿಗೆ ಒಂದು ಹಾಳೆ ಒಯ್ದು ತೋರಿಸಿದ.

"ಏನ್ಲೇ ಇದು, ಇರುವೆ ಕಾಲಿಗೆ ಮಸಿ ಮೆತ್ತಿ ಓಡಿಸಿದಂಗೈತೆ" ಎಂದ ಮುನಾಫ್.

"ಇನ್ನೂ ರಿಲೀಸ್ ಆಗಿಲ್ಲಪಾ, ಟ್ರಯಲ್ ಇದು."

"ಹಸೀ ಗೋಡೆಗೆ ಬಣ್ಣ ಹೊಡ್ಯಾಕೆ ಯಾಕ ಅಷ್ಟು ಅವಸರ?"

"ಗೋಡೆ ಇನ್ನೂ ಹಸಿ ಐತೆ ಅಂತ ಕಟ್ಟಿದೋರಿಗೆ ಯಾರಾರ ಹೇಳಬೇಕಲ್ಲ."

ಹೇಳಿದ. ಸೈಬರ್ ಸೆಂಟರಿಗೆ ಹೋಗಿ ಪ್ರಿಂಟರಿನ ಮಾದರಿ, ಆದದ್ದು, ಆಗಬೇಕಾದದ್ದು ಎಲ್ಲ ವಿವರವಾಗಿ ಬರೆದ. ಮುಂದಿನ ಪ್ರಾಯೋಗಿಕ ಸಿ.ಡಿ.ಯಲ್ಲಿ ಸರಿಮಾಡುತ್ತೇವೆ, ದಯವಿಟ್ಟು ಪರೀಕ್ಷಿಸಿ ತಿಳಿಸಿ ಎಂದು ಉತ್ತರ ಬಂತು. ಅವನಿಗೆ ದಯವಿಟ್ಟು ಎಂದವರು ಆ ವರ್ಷ ಬೇರೆ ಯಾರೂ ಇರಲಿಲ್ಲ.

ಎರಡನೇ ಸಿ.ಡಿ. ದಸರಾದ ಹೊತ್ತಿಗೆ ಕೈಸೇರಿತು. ಅಷ್ಟರಲ್ಲಿ ಅಂಗಡಿಗೆ ದೊಡ್ಡ ಕೆಲಸ ಬಂದಿತ್ತು. ಊರ ಹೊರಗಿನ ಕರೂರು ಕಡೆ ಕಾರ್ಖಾನೆಗಳಿದ್ದ ಸಾವ್ಕಾರ್ ಮುರುಗೇಶಪ್ಪನವರಿಗೆ ಅರವತ್ತು ತುಂಬುತ್ತಿತ್ತು. ಅವರ ಅಭಿನಂದನ ಗ್ರಂಥ. ಮಳೆಗಾಲದಿಂದ ಕೂತು ಕೊಟ್ಟೂರೇಶ ಅದನ್ನು ಮುಕ್ಕಾಲು ಪಾಲು ಮುಗಿಸಿದ್ದ. ಪ್ರೂಫಿಗೆಂದು ತೆಗೆದ ಕಾಗದ ಬಿಟ್ಟರೆ ಎಲ್ಲ ಇದ್ದದ್ದು ಅಂಗಡಿಯ ಡಿಸ್ಕಿನಲ್ಲಿ.

ಹಬ್ಬಕ್ಕೆ ಅವನು ಹರಿಹರದಲ್ಲಿದ್ದ. ಹಬ್ಬ ಮುಗಿಸಿ ಬಂದು ಬಾಗಿಲು ತೆಗೆದಾಗ ಕಂಪ್ಯೂಟರಿಗೆ, ಪ್ರಿಂಟರಿಗೆ, ಕತ್ತರಿಗೆ, ಫ್ಯಾನಿನ ಸ್ವಿಚ್ಚಿಗೂ ವಿಭೂತಿ ಹಚ್ಚಿತ್ತು. ಮೇಜಿನ ಮೇಲೆ ವಿಭೂತಿ ಹಚ್ಚಿದ ಡಿಸ್ಕು, ಅದರ ಮೇಲೊಂದು ಬಾಡಿದ ಚೆಂಡುಹೂ. ತೆರೆದ ಮುಚ್ಚಳದೊಳಗೆ ಬಗ್ಗಿ ನೋಡಿದ. ಕಂಪ್ಯೂಟರಿನಲ್ಲಿದ್ದದ್ದು ಬೋಳು. ಹಬ್ಬದ ಮುನ್ನಾದಿನ ಅವಸರದಲ್ಲಿ ಅದಲುಬದಲು ಮಾಡುವುದನ್ನೇ ಮರೆತು ಹೋಗಿದ್ದೇನೆ ಅಂದುಕೊಂಡ. ಅಣ್ಣ ಬರುವುದು ತಡ. ಬಿಚ್ಚುವ ಕೆಲಸವೂ ಇಲ್ಲ ಎಂದು ಖುಷಿಯಾಗಿ ಹೊಸ ಸಿ.ಡಿ. ತುರುಕಿದ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಅದು ಕೇಳಿತು. ಇನ್ನೊಮ್ಮೆ ಕೇಳಿತು. ಎರಡೂ ಸಲ ಹೌದು ಎಂದ.

ಹೊಸ ಲಿನಕ್ಸ್ ಕೂತುಕೊಂಡಿತು. ಪ್ರಿಂಟರ್ ನೋಡುವಷ್ಟು ಸಮಯವಿರಲಿಲ್ಲ. ಆ ಬೋಳು ಡಿಸ್ಕು ಬಿಚ್ಚಿ, ಅಂಗಡಿಯ ಕೆಲಸಕ್ಕೆಂದು ವಿಭೂತಿಯ ಡಿಸ್ಕು ಸಿಕ್ಕಿಸಿ ಗುಂಡಿ ಒತ್ತಿದ. ಪರದೆಯ ಮೇಲೆ ಅವನ ಹಳೆಯ ಲಿನಕ್ಸ್ ಎದ್ದು ಕೂತಿತು. ಅವನದೇ ಹೆಸರು ಕೇಳಿತು. ಅಳಿಸಿದ್ದು ಅಂಗಡಿಯ ಡಿಸ್ಕನ್ನು.

ಬಂದ ಕಲ್ಲೇಶಪ್ಪ ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತು, "ಇನ್ನೊಂದ್ಸಲ ಹೇಳು, ಸಾವ್ಕಾರ್ರ ಪುಸ್ತಕ ಎಲ್ಲೈತೆ?" ಎಂದ. ಹೇಳಿಸಿದ. ಕೆಳಗಿನ ಅಂಗಡಿಗಳವರನ್ನು ಕರೆಸಿ, ಅವರ ಮುಂದೆ ಮತ್ತೆ ಹೇಳಿಸಿದ. ಆಮೇಲೆ ಕೊಟ್ಟೂರೇಶನ ಡಿಸ್ಕನ್ನೂ ಸಿ.ಡಿ.ಯನ್ನೂ ಮೇಜಿನ ಡ್ರಾದಲ್ಲಿ ಹಾಕಿ ಬೀಗ ಜಡಿದ. "ಪ್ರೂಫ್ ಐತಲ್ಲ, ಮೊದಲನೇ ಪುಟದಿಂದ ಹೊಡಿ. ಮುಗಿದ ಮ್ಯಾಲೆ ಇದನ್ನ ಕೊಡ್ತೀನಿ."

ವಿಷಯ ಮನೆಗೆ ಮುಟ್ಟಿ ಸಂಜೆ ಬಸವಣ್ಣೆಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಕೊಟ್ಟೂರೇಶ ಮೆಲ್ಲಗೆ ಕೇಳಿದ: "ದೊಡ್ಡಮ್ಮ, ನನ್ ಡಿಸ್ಕಿಗೆ ಈಬತ್ತಿ ಯಾರು ಹಚ್ಚಿದ್ದು?"

"ನಾನೇ ಹಚ್ಚಿದ್ದು. ಎಲ್ಲಾದ್ರದ್ದೂ ಹಳೇದು ಒರೆಸಿ ಹೊಸಾದು ಹಚ್ಚಿದೆ. ಆ ಡಬ್ಬಿ ಒಳಗಿಂದೂ ಒರೆಸಿದ್ದೆ, ಹೊಸಾದು ಹಚ್ಚೋ ಮುಂಚೆ ಕರೆಂಟ್ ಹೊಡಿತೈತೆ ಕೈ ಹಾಕಬ್ಯಾಡ ಅಂತ ಇವನು ಕೂಗಿಕೊಂಡ, ಅಷ್ಟಕ್ಕೇ ಬಿಟ್ಟೆ. ನಿನ್ ಟವೆಲ್ನಾಗೆ ಇನ್ನೊಂದು ಸಿಕ್ತು. ಅದೊಂದು ಯಾಕ ಬರೀ ಹಣೇಲಿ ಇರಬೇಕು ಅಂತ ಚಂದಾಗಿ ಹಚ್ಚಿ ಹೂವಿಟ್ಟೆ. ಯಾಕಪಾ?"

ಮೇಜಿನ ಆಚೆ ಕಲ್ಲೇಶಪ್ಪ ಲೆಕ್ಕ ಹಾಕುತ್ತ ಕೂತಿದ್ದ. ಅವನಿಗೆ ಈ ಮಾತಿನ ಅರ್ಥವಾಗಲಿಲ್ಲ. ಯಾವ ಡಿಸ್ಕು ಯಾವುದು ಎಂದು ಅವನು ಯಾವತ್ತೂ ನೋಡಿದವನಲ್ಲ. ಅರ್ಥವಾದದ್ದು ಕೊಟ್ಟೂರೇಶನಿಗೆ ಮಾತ್ರ. ಹಬ್ಬಕ್ಕೆ ಕೆಲವೇ ದಿನ ಮುಂಚೆ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅಣ್ಣ ಹೆತ್ತ ತಾಯಿಯ ಮುಖಕ್ಕೆ ತಟ್ಟೆ ಬೀಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

"ಏನಿಲ್ಲ ದೊಡ್ಡಮ್ಮ. ಸುಮ್ನೆ ಕೇಳಿದೆ."

"ಕೇಳ್ತಾನೆ ನೋಡು" ಎಂದು ಅವಳು ಸೆರಗು ಬಾಯಿಗಿಟ್ಟುಕೊಂಡಳು. "ನಾನು ಕೈಯಾರೆ ಪೂಜೆ ಮಾಡಿಟ್ಟಿದ್ದನ್ನ ಮಾರನೇ ದಿನಕ್ಕೆ ತೊಳೆದಿಟ್ಟ್ಯಲ್ಲೋ. ಹುಟ್ಟೋ ಮುಂಚೆ ಅಪ್ಪನ್ನ ತಿಂದಿ, ಈಗ ನನ್ ಮಗನ ಅಂಗಡಿ ತಿಂದಿ."

ಅಂಗಾಲು ತಿಕ್ಕಿದ ಕೈ ಅದು. ಅವನು ತಲೆ ತಗ್ಗಿಸಿ, ಅಂಗಡಿಯ ಡಿಸ್ಕಿಗೆ ಕನ್ನಡದ ಸಾಫ್ಟ್‌ವೇರ್ ಮತ್ತೆ ಹಾಕಿ, ಒಂದನೇ ಪುಟ ಟೈಪು ಮಾಡತೊಡಗಿದ.

ಅಲ್ಲಿಂದ ಮುಂದಕ್ಕೆ ಅಂಗಡಿಗೆ ಬಂದವರಿಗೆಲ್ಲ ಅವನನ್ನು ತೋರಿಸುವುದೇ ಒಂದು ಆಟವಾಯಿತು. "ಬರ್ರಿ, ಕೂಡ್ರಿ. ಇವನೇ ನೋಡ್ರಿ ನಮ್ಮ ಟ್ರಯಲ್ ಕೊಟ್ರ. ಇವನ ಕೈಗೆ ನಿಮ್ ಲಗ್ನಪತ್ರಿಕೆ ಕೊಟ್ರೆ ಹುಡುಗೀನೇ ಅಳಿಸಿಬಿಡ್ತಾನೆ." ಗಿರಾಕಿಗಳು ನಗುತ್ತಿದ್ದರು. ಕೆಲವರು ಎರಡನೇ ಸಲ ಬಂದಾಗ ತಾವೇ ಕೇಳಿ ನಗುತ್ತಿದ್ದರು: "ಏನಪಾ ಟ್ರಯಲ್, ಇವತ್ತೇನು ಅಳಿಸಿದಿ?" ಮೂರು ವಾರಕ್ಕೊಮ್ಮೆ ಅವನು ಎದೆಗಾಗಿ ಸೂಜಿ ಹಾಕಿಸಿಕೊಳ್ಳಬೇಕಿತ್ತು. ಸಂಜೆ ಸ್ವಲ್ಪ ಬೇಗ ಬಿಡು ಅಣ್ಣ ಎಂದು ಕೇಳಿದ. "ಸಾವ್ಕಾರ್ರಿಗೆ ಅರವತ್ತು ಒಂದೇ ಸಲ ಆಗೋದು. ಸೂಜಿ ಎಲ್ಲಿಗೂ ಓಡಿಹೋಗಲ್ಲ" ಎಂದ ಕಲ್ಲೇಶಪ್ಪ. ಎರಡನೆಯ ಸಲ ಅವನು ಕೇಳಲೇ ಇಲ್ಲ. ಪಾದ ಬಾತುಕೊಂಡು ಚಪ್ಪಲಿ ಬಿಗಿಯಾಗುತ್ತಿತ್ತು. ಹಿಂದಿನ ಪಟ್ಟಿ ಕತ್ತರಿಸಿ ಮೆಟ್ಟಿಕೊಂಡು ಬರುತ್ತಿದ್ದ.

ವಿಭೂತಿಯ ಸಂಗತಿಯನ್ನು ಅವನು ಹೇಳಿದ್ದು ಮುನಾಫನಿಗೊಬ್ಬನಿಗೇ, ಚಹಾ ಕುಡಿಯುತ್ತ.

"ಹೋಗಿ ಹೇಳ್ಲೇ ನಿಮ್ಮಣ್ಣಗೆ" ಎಂದ ಮುನಾಫ್. "ದಿನಾ ಮಂದಿ ಮುಂದೆ ಉಗಿಸ್ಕಂತೀಯಲ್ಲ."

"ನಾನಾದ್ರೆ ಬರೀ ಉಗಿಸ್ಕಂತೀನಿ. ದೊಡ್ಡಮ್ಮ ಹೊಡೆತ ತಿನ್ನಬೇಕಾಗ್ತೈತೆ."

"ಆಯಮ್ಮ ನಿನಗೆ ಏನಂದ್ಲು ಮರೆತ್ಯಾ?"

"ಆಕಿಗೆ ಗೊತ್ತಿಲ್ಲಲ್ಲ." ಲೋಟ ಕೆಳಗಿಟ್ಟ. "ನೀನೂ ಗೊತ್ತಿಲ್ದಂಗಿರು. ಪುಸ್ತಕ ಮುಗೀಲಿ, ಆ ಪ್ರಿಂಟರ್ ಒಂದು ನಡೀಲಿ. ಹರಿಹರದಾಗೆ ಕೂತ್ಕಂತೀನಿ. ನೆಲದ ಮ್ಯಾಲೇ ಐತೆ ಕೋಣೆ, ಒಂದು ಮೆಟ್ಲೂ ಇಲ್ಲ."

ಗ್ರಂಥ ಎರಡನೇ ಬಾರಿ ಮುಗಿದದ್ದು ಒಂದು ಸೋಮವಾರ. ಮರುದಿನ ಮಧ್ಯಾಹ್ನ ಕಲ್ಲೇಶಪ್ಪ ಡ್ರಾದ ಬೀಗ ತೆಗೆದು, ಡಿಸ್ಕು ಮತ್ತು ಸಿ.ಡಿ.ಯನ್ನು ನಾಯಿಗೆ ರೊಟ್ಟಿ ಎಸೆದ ಹಾಗೆ ಮೇಜಿನ ಮೇಲೆಸೆದ. "ಸಾವ್ಕಾರ್ರು ಬರೋತನಕ ಆಡ್ಕೋ."

ಕೊಟ್ಟೂರೇಶ ಡಿಸ್ಕಿನ ಮೇಲಿನ ವಿಭೂತಿಯನ್ನು ಮುಟ್ಟಿ ನೋಡಿದ. ಒರೆಸಲಿಲ್ಲ. ಅಂಗಡಿಯ ಡಿಸ್ಕು ಬಿಚ್ಚಿ ಟವೆಲಿನಲ್ಲಿ ಸುತ್ತಿ ತನ್ನ ಕಾಲ ಸಂದಿಯಲ್ಲಿಟ್ಟುಕೊಂಡ. ತನ್ನದರ ಮೇಲೆ ಹೊಸ ಆವೃತ್ತಿ ಹಾಕಿದ. ಪ್ರಿಂಟರುಗಳ ಪಟ್ಟಿ ತೆರೆದಾಗ ಅದರಲ್ಲಿ ಅಂಗಡಿಯ ಪ್ರಿಂಟರಿನ ಮಾದರಿ ಇತ್ತು. ಅವನು ಬರೆದು ತಿಳಿಸಿದ್ದ ಮಾದರಿ. ಆರಿಸಿ ಒತ್ತಿದ. ಪ್ರಿಂಟರ್ ಗುರುಗುಟ್ಟಿ ಒಂದೇ ಒಂದು ಹಾಳೆಯನ್ನು ಹೊರಗೆ ಹಾಕಿ ಸುಮ್ಮನಾಯಿತು. ಹಾಳೆಯ ಮೇಲೆ ಅಕ್ಷರಗಳು ಒಂದೊಂದೂ ತನ್ನ ಜಾಗದಲ್ಲಿ ನಿಂತಿದ್ದವು.

ಅಷ್ಟರಲ್ಲಿ ಮುರುಗೇಶಪ್ಪನವರು ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದರು. ಗ್ರಂಥದ ಹಾಳೆಗಳನ್ನು ಮಗುಚುತ್ತ, "ನಮ್ ಪುಸ್ತಕ ತೊಳೆದವ್ನು ಇವನೇ ಏನ್ರಿ?" ಎಂದು ಕೇಳಿದರು. ಇವನೇರಿ ಎಂದ ಕಲ್ಲೇಶಪ್ಪ. ಎಲ್ಲರೂ ನಕ್ಕರು.

"ಅಣ್ಣ, ಪ್ರಿಂಟರ್ ನಡೀತು" ಎಂದ ಕೊಟ್ಟೂರೇಶ. ಅವನಿಗೂ ನಗು ತಡೆಯಲಾಗುತ್ತಿರಲಿಲ್ಲ.

"ನಡೀಲಿ. ನೀನೂ ನಡಿ, ಸಾವ್ಕಾರ್ರಿಗೆ ಬಿಸಿ ಮಿರ್ಚಿ ತಗಂಬಾ. ಏನದು ಕೈಯಾಗೆ? ಮತ್ತೆ ಕಾಗದ ಹಾಳು ಮಾಡಿದ್ಯಾ? ಕೊಡು, ಮಿರ್ಚಿ ಇಟ್ಕಂಡು ತಿನ್ನಾಕಾದ್ರೂ ಬರ್ತೈತೆ."

ಅವನು ಹಾಳೆಯನ್ನು ಗಕ್ಕನೆ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿ ಕೆಳಗಿಳಿದ. ಮುನಾಫನ ಬಾಗಿಲಿಗೆ ಬೀಗ ಇತ್ತು, ಊಟಕ್ಕೆ ಹೋಗಿದ್ದ. ಬೀಗವನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಮೂಲೆಯ ಬಜ್ಜಿ ಗಾಡಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ತಿರುಗಿ ಬಂದ. ಮೊದಲ ಮಹಡಿ ದಾಟಿ ತಿರುವಿಗೆ ಬರುವಷ್ಟರಲ್ಲಿ ಉಸಿರು ಹಿಡಿಯಿತು. ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತ.

ಮೇಲಿನಿಂದ ಕಲ್ಲೇಶಪ್ಪ ಕೂಗಿದ: "ಎಲ್ಲಿ ಸತ್ಯೋ ಲೇ ಕೊಟ್ರಾ?"

"ಬಂದೆ ಅಣ್ಣ."

ಪೊಟ್ಟಣದಿಂದ ಎಣ್ಣೆ ಜಿನುಗುತ್ತಿತ್ತು. ಬೆರಳುಗಳನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿಕೊಂಡ. ಜೇಬಿನಿಂದ ಹಾಳೆ ತೆಗೆದು, ಮಡಿಕೆ ಬಿಚ್ಚಿ ತೊಡೆಯ ಮೇಲೆ ಹರವಿಕೊಂಡ. ಆಮೇಲೆ ಎಣ್ಣೆ ಅದಕ್ಕೆ ತಾಗದ ಹಾಗೆ, ಮಿರ್ಚಿಯ ಪೊಟ್ಟಣವನ್ನು ಮೇಲಿನ ಮೆಟ್ಟಿಲಿನ ಮೂಲೆಗೆ, ಗೋಡೆಯ ಕಡೆಗೆ, ದೂರ ಸರಿಸಿಟ್ಟ.