ಎಲ್ಲಿ ನಿಂತಿದ್ದೀರಿ, ಹೇಳಿ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ತಿಕ್ಕಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮಾತಿಲ್ಲ, ಕತೆಯಿಲ್ಲ. ಯಂತ್ರದ ಸದ್ದು, ತೊಟ್ಟಿಕ್ಕುವ ನೀರು, ಬೆರಳ ತುದಿಗೆ ಅಂಟಿದ ಬಿಳಿ ಹುಡಿ. ಮನೆಯಲ್ಲೂ ಅವಳು ಹೆಚ್ಚು ಮಾತಿನವಳಲ್ಲ. ರಜೆ ಬಂತೆಂದರೆ ಮಾತ್ರ ಸ್ಕೂಟರ್ ಹತ್ತಿ ಊರೆಲ್ಲ ಸುತ್ತುತ್ತಿದ್ದಳು, ಡಬ್ಬಿ ಬಚ್ಚಿಡುವುದಕ್ಕೆ.

ಅದೊಂದು ಆಟ. ಯಾರೋ ಒಬ್ಬರು ಪುಟ್ಟ ಡಬ್ಬಿಯೊಂದನ್ನು ಕಣ್ಣಿಗೆ ಬೀಳದಂತೆ ಅಡಗಿಸಿ, ಜಾಗದ ಗುರುತನ್ನು ಫೋನಿನ ಆ್ಯಪಿನಲ್ಲಿ ಹಾಕುತ್ತಾರೆ. ಉಳಿದವರು ನಕ್ಷೆ ನೋಡಿಕೊಂಡು ಹುಡುಕುತ್ತಾರೆ. ನಕ್ಷೆ ಹತ್ತಿರದವರೆಗೆ ಕರೆದೊಯ್ಯುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಅವರವರ ಕಣ್ಣು, ಅವರವರ ತಾಳ್ಮೆ. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು ಇದ್ದಲ್ಲೇ ಇಟ್ಟು ಬರಬೇಕು. ಸಿಗದಿದ್ದರೆ ಇಟ್ಟವರನ್ನು ಸುಳಿವು ಕೇಳಬಹುದು.

ಇವಳನ್ನು ಕೇಳುವುದೆಂದರೆ ಎಲ್ಲರಿಗೂ ಎದೆ ಡವಡವ. ಗುಂಪಿನಲ್ಲಿ ಇವಳಿಗೆ ‘ಜಿಪುಣಿ’ ಎಂದೇ ಹೆಸರು. “ಎಲ್ಲಿ ನಿಂತಿದ್ದೀರಿ, ಏನೇನು ನೋಡಿದ್ದೀರಿ, ಮೊದಲು ಅದನ್ನು ಹೇಳಿ. ಸುಮ್ಮನೆ ಕೈ ಚಾಚಿದರೆ ಉತ್ತರವಿಲ್ಲ” ಎಂದು ಪ್ರತಿ ಡಬ್ಬಿಯ ವಿವರದ ಕೆಳಗೂ ಬರೆದಿದ್ದಳು. ಇಟ್ಟವಳನ್ನು ಬಿಟ್ಟು, ಮೊದಲೇ ಕಂಡುಕೊಂಡವರ ಬಾಯಿಂದ ಗುಟ್ಟಾಗಿ ಸುಳಿವು ಎಳೆಯುವವರನ್ನು ಕಂಡರಂತೂ ಮೈಯೆಲ್ಲ ಉರಿ.

ಈ ಸ್ವಭಾವ ಆಟಕ್ಕಷ್ಟೇ ಮೀಸಲಾಗಿರಲಿಲ್ಲ. ಮೈದುನನ ಮದುವೆಯಾಗಿ ಓರಗಿತ್ತಿ ಮನೆಗೆ ಬಂದ ಹೊಸತು. ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವ, ಪಟಪಟ ಮಾತಿನ ಹುಡುಗಿ. ಒಂದೊಂದಕ್ಕೂ “ಅಕ್ಕಾ, ಇದೆಲ್ಲಿದೆ? ಅಕ್ಕಾ, ಇದು ಹೇಗೆ?” ಎಂದು ಬೆನ್ನು ಹತ್ತುತ್ತಿದ್ದಳು. ಒಂದು ದಿನ ನೆಂಟರೆಲ್ಲ ಕೂತಿದ್ದಾಗ ಇವಳು, “ಎಲ್ಲಾ ಕೇಳ್ಕೊಂಡೇ ಮಾಡೋದಾದ್ರೆ ನಿನಗೆ ಅಂತ ಒಂದು ತಲೆ ಯಾಕೆ?” ಎಂದುಬಿಟ್ಟಳು. ನೆಂಟರು ನಕ್ಕರು. ಓರಗಿತ್ತಿ ನಗಲಿಲ್ಲ. ಮೈದುನ ಬೇರೆ ಮನೆ ಮಾಡಿದ ಮೇಲೆ ಇಬ್ಬರ ನಡುವೆ ಮಾತೇ ನಿಂತುಹೋಯಿತು.

ಅದಾಗಿ ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ದಪ್ಪ ಗಾಜೊಂದರ ಅಂಚು ತಿಕ್ಕುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ‘ಗುಬ್ಬಿ’ ಎಂಬ ಹೊಸ ಹೆಸರಿನವರಿಂದ ಒಂದೇ ಸಾಲು: “ನೀರಿನ ಟ್ಯಾಂಕಿನ ಡಬ್ಬಿ. ಸುಳಿವು ಕೊಡಿ.” ನಮಸ್ಕಾರವಿಲ್ಲ, ಏನು ನೋಡಿದೆ ಎಂಬ ಮಾತಿಲ್ಲ. ಒದ್ದಾಡಲಿ ಸ್ವಲ್ಪ ಎಂದುಕೊಂಡು ಅವಳು ಫೋನನ್ನು ಬೋರಲು ಹಾಕಿ ಕೆಲಸ ಮುಂದುವರಿಸಿದಳು.

ಆ ಗಾಜು ಮುಗಿಸಿ ಇನ್ನೊಂದನ್ನು ಕೈಗೆತ್ತಿಕೊಂಡಾಗ ಮತ್ತೆ ಗುಂಯ್. “ಒಳಗಿದೆಯಾ?”

ಯಾವುದರ ಒಳಗೆ? ಅವಳು ಡಬ್ಬಿ ಅಂಟಿಸಿದ್ದು ಟ್ಯಾಂಕಿನ ಹೊರಗೆ, ಮೇಲೆ ಹತ್ತುವ ಕಬ್ಬಿಣದ ಮೆಟ್ಟಿಲ ಅಡಿಗೆ. ಇಲ್ಲ ಎಂದರೂ ಅದೊಂದು ಸುಳಿವೇ. ಹಾಗಾಗಿ, “ಯಾವುದರ ಒಳಗೆ? ಎಲ್ಲಿ ನಿಂತಿದ್ದೀರಿ?” ಎಂದಷ್ಟೇ ಬರೆದಳು.

ಉತ್ತರ ಬರಲಿಲ್ಲ. ಓದಿದ ಗುರುತೂ ಬೀಳಲಿಲ್ಲ.

ಆಗ ಅವಳಿಗೆ ಹೊಳೆಯಿತು. ಟ್ಯಾಂಕಿನ ಹಿಂದೆ ಒಂದು ಕಾಂಕ್ರೀಟ್ ಗುಂಡಿ ಇತ್ತು, ಎರಡಾಳು ಆಳದ್ದು. ಊರಿಗೆ ನೀರು ಬಿಡುವವನು ಟ್ಯಾಂಕಿನ ತಳದ ಕೆಸರು ತೊಳೆಯಲು ದಿನಾ ಸಂಜೆ ವಾಲ್ವ್ ತಿರುಗಿಸಿದರೆ ನೀರೆಲ್ಲ ಮೊದಲು ಆ ಗುಂಡಿಗೆ ನುಗ್ಗಿ, ತುಂಬಿದ ಮೇಲೆ ಚರಂಡಿಗೆ ಹರಿಯುತ್ತಿತ್ತು. ಡಬ್ಬಿ ಇಡಲು ಹೋದ ದಿನ ಅದನ್ನು ಕಣ್ಣಾರೆ ನೋಡಿದ್ದಳು. ನೋಡಿಯೂ ‘ಗುಂಡಿಗೆ ಇಳಿಯಬೇಡಿ’ ಎಂದು ಬರೆದಿರಲಿಲ್ಲ. ಬರೆದರೆ ಹುಡುಕುವವರಿಗೆ ಒಂದು ಜಾಗ ಕಡಿಮೆಯಾಗುತ್ತದಲ್ಲ!

ಆ ಡಬ್ಬಿಯನ್ನು ಅದುವರೆಗೆ ಕಂಡುಕೊಂಡಿದ್ದವರು ನಿವೃತ್ತ ಬಸ್ ಡ್ರೈವರ್ ಒಬ್ಬರೇ. ಅವರಿಗೆ ಫೋನು ಹಚ್ಚಿದಳು.

“ಅಣ್ಣಾ, ಟ್ಯಾಂಕಿನ ಡಬ್ಬಿ ಬಗ್ಗೆ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?”

“ಬೈಬೇಡಮ್ಮಾ. ಗುಬ್ಬಿ ಅಂತ ಯಾರೋ. ನಿನಗೆ ಹೇಳ್ಬೇಡಿ ಅಂತ ಬೇಡ್ಕೊಂಡ್ರು. ಕಬ್ಬಿಣದ ಮೆಟ್ಟಿಲು ನೋಡಿ ಅಂದೆ, ಅಷ್ಟೇ.”

“ಯಾವ ಮೆಟ್ಟಿಲು ಅಂತ ಹೇಳಿದ್ರಾ?”

“ಅಲ್ಲಿರೋದೇ ಒಂದಲ್ವಾ?”

“ಎರಡಿವೆ ಅಣ್ಣಾ. ಗುಂಡಿ ಒಳಗೂ ಇಳಿಯೋ ಕಂಬಿಗಳಿವೆ. ತುಕ್ಕು ಹಿಡಿದಿವೆ.”

ಫೋನಿಟ್ಟವಳೇ ಬರೆಯತೊಡಗಿದಳು. “ಒಳಗಿಲ್ಲ. ಯಾವುದರ ಒಳಗೂ ಇಲ್ಲ. ಹೊರಗಿನ ಮೆಟ್ಟಿಲ ಅಡಿಗೆ ಅಂಟಿಸಿದ್ದೇನೆ. ಗುಂಡಿಯಿಂದ ಮೇಲೆ ಬನ್ನಿ.” ಅದಕ್ಕೂ ಓದಿದ ಗುರುತು ಬೀಳಲಿಲ್ಲ. ಏಪ್ರನ್ ಬಿಚ್ಚಿ ಎಸೆದು ಹೊರಟಳು. “ಗಿರಾಕಿ ಕಾಯ್ತಿದ್ದಾರೆ, ಎಲ್ಲಿಗಮ್ಮಾ?” ಎಂದು ಮಾಲೀಕರು ಕೂಗಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ದಾರಿಯಲ್ಲಿ ಒಂದು ಲಾರಿ ಅಡ್ಡ ನಿಂತು ಹಿಂದೆ ಮುಂದೆ ಮಾಡುತ್ತಿತ್ತು. ಅವಳು ಹಾರ್ನ್ ಒತ್ತಿದಳು, ಬೈದಳು, ಕೊನೆಗೆ ಸ್ಕೂಟರನ್ನು ಫುಟ್‌ಪಾತಿನ ಮೇಲೆ ಹತ್ತಿಸಿದಳು. ಬಿಸಿಲು ಆಗಲೇ ಇಳಿಮುಖವಾಗಿತ್ತು. ದೇವರೇ, ನೀರು ಬಿಡುವವನು ಇವತ್ತು ತಡವಾಗಿ ಬರಲಿ ಎಂದು ಬಾಯಲ್ಲಿ ಗೊಣಗುತ್ತಲೇ ಇದ್ದಳು.

ಅವನು ತಡ ಮಾಡಿರಲಿಲ್ಲ. ಟ್ಯಾಂಕಿನ ಗೇಟು ತೆರೆದಿತ್ತು, ಸೈಕಲ್ಲು ಗೋಡೆಗೆ ಒರಗಿತ್ತು, ಹಿಂದಿನಿಂದ ನೀರು ಭೋರ್ ಎನ್ನುತ್ತಿತ್ತು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡವನು ವಾಲ್ವಿನ ಚಕ್ರವನ್ನು ಇನ್ನೂ ತಿರುಗಿಸುತ್ತಲೇ ಇದ್ದ. ಕೂಗಿದರೆ ಕೇಳಲಿಲ್ಲ. ಓಡಿಹೋಗಿ ತೋಳು ಹಿಡಿದು ಎಳೆದಳು.

“ಮುಚ್ಚಿ! ಗುಂಡಿಯಲ್ಲಿ ಜನ ಇದ್ದಾರೆ!”

ಅವನು ಇಯರ್‌ಫೋನು ಕಿತ್ತು ಚಕ್ರಕ್ಕೆ ಕೈ ಹಾಕಿದ. ತೆರೆದಷ್ಟು ಸುಲಭವಾಗಿ ಆ ಚಕ್ರ ಮುಚ್ಚುತ್ತಿರಲಿಲ್ಲ. ಅವನು ಮೈಭಾರವನ್ನೆಲ್ಲ ಹಾಕಿ ತಿರುಗಿಸತೊಡಗಿದ. ಅವಳು ಹಿಂದಕ್ಕೆ ಓಡಿದಳು.

ಗುಂಡಿಯ ಅಂಚಿಗೆ ಬೋರಲು ಮಲಗಿ ಇಣುಕಿದರೆ, ಕೆಸರುನೀರಿನಲ್ಲಿ ಎದೆಮಟ್ಟ ಮುಳುಗಿದ ಹೆಂಗಸೊಬ್ಬಳು ಎರಡೂ ಕೈಯಿಂದ ಗೋಡೆಯ ಪೈಪನ್ನು ತಬ್ಬಿಕೊಂಡಿದ್ದಳು. ಸದ್ದಿಗೆ ತಲೆಯೆತ್ತಿದಳು. ಓರಗಿತ್ತಿ.

“ಅಕ್ಕಾ,” ಎಂದಳು ಅವಳು, ಹಲ್ಲು ಕಟಕಟ ಎನ್ನುತ್ತಿತ್ತು, “ಕಂಬಿ ಮುರೀತು. ಕಾಲು ಊರಕ್ಕೆ ಆಗ್ತಿಲ್ಲ. ಫೋನೂ ನೀರಲ್ಲಿ ಹೋಯ್ತು.”

“ಯಾವ ಕಾಲು?”

“ಬಲಗಾಲು.”

“ಹೆದರ್ಬೇಡ, ನೀರು ನಿಲ್ತಾ ಇದೆ. ನಿನ್ನ ಎಡಗೈ ಹತ್ರ ಒಂದು ಕಂಬಿ ಇದೆ ನೋಡು. ಅದಲ್ಲ, ಅದು ಅಲ್ಲಾಡ್ತಿದೆ. ಅದರ ಕೆಳಗಿಂದು. ಹಾಂ, ಗಟ್ಟಿಯಾಗಿ ಹಿಡ್ಕೋ. ಈಗ ಎಡಗಾಲು ಪೈಪಿನ ಬಾಗಿನ ಮೇಲಿಡು.”

ಇವಳು ಹೇಳುತ್ತಲೇ ಹೋದಳು. ಅಷ್ಟು ಮಾತನ್ನು ಇವಳು ಯಾವತ್ತೂ ಒಮ್ಮೆಗೇ ಆಡಿರಲಿಲ್ಲ. ನೀರು ಬಿಡುವವನು ಉದ್ದನೆಯ ರಬ್ಬರ್ ಪೈಪು ತಂದು ಇಳಿಬಿಟ್ಟ. ಓರಗಿತ್ತಿ ಅದನ್ನು ಕಂಕುಳಡಿ ಸುತ್ತಿಕೊಂಡಳು. ಇಬ್ಬರೂ ಸೇರಿ ಎಳೆದರು. ಅರ್ಧ ದಾರಿಯಲ್ಲಿ ಇನ್ನೊಂದು ಕಂಬಿ ಕಿತ್ತು ನೀರಿಗೆ ಬಿತ್ತು. ಅವಳು ಚೀರಿದಳು, ಇವರು ಪೈಪು ಬಿಡಲಿಲ್ಲ. ಅಂಚು ದಾಟಿ ಮೇಲೆ ಬಂದು ಬಿದ್ದವಳ ಮೈ ಐಸಿನಂತೆ ತಣ್ಣಗಿತ್ತು. ಇವಳು ತನ್ನ ವೇಲು ಹೊದಿಸಿ, ಬೆನ್ನು ತಿಕ್ಕುತ್ತಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಹೊರಗಿನ ಬೆಂಚಿನಲ್ಲಿ ಕೂರಿಸಿದ ಮೇಲೆ ಓರಗಿತ್ತಿಗೆ ಸಿಟ್ಟು ಬಂತು.

“ಮೊದಲ ಮೆಸೇಜಿಗೇ ಗುಂಡಿ ಬೇಡ ಅಂದಿದ್ರೆ ನಾನು ಇಳೀತಾನೇ ಇರ್ಲಿಲ್ಲ.”

“ಹೌದು. ತಪ್ಪು ನಂದೇ.”

ಓರಗಿತ್ತಿ ಜಗಳಕ್ಕೆ ಸಿದ್ಧವಾಗಿದ್ದಳು. ಈ ಉತ್ತರ ಕೇಳಿ ಪ್ಲಾಸ್ಟರಿನ ಅಂಚು ಕೆರೆಯತೊಡಗಿದಳು.

“ಎಲ್ಲಿದ್ದೀನಿ ಅಂತ ಒಂದು ಸಾಲು ಬರೀಬಾರ್ದಿತ್ತಾ?” ಎಂದು ಇವಳು ಮೆಲ್ಲಗೆ ಕೇಳಿದಳು.

“ಬರೆದ್ರೆ ನಾನೇ ಅಂತ ಗೊತ್ತಾಗಿಬಿಡ್ತಿತ್ತು. ನನ್ನ ಮಾತು ಒಂದು ಸಾಲಿಗೆ ನಿಲ್ಲುತ್ತಾ? ನಿಮ್ಮ ಡಬ್ಬಿ ಎಲ್ಲಾ ಕಂಡುಹಿಡಿದೆ ಅಕ್ಕಾ, ಯಾರನ್ನೂ ಕೇಳದೆ. ಇದೊಂದೇ ಬಾಕಿ. ಎಲ್ಲಾ ಮುಗಿದ ಮೇಲೆ ನಿಮ್ಮೆದುರು ಬಂದು, ನನಗೂ ತಲೆ ಇದೆ ಅನ್ಬೇಕು ಅಂತಿದ್ದೆ.” ಅಷ್ಟು ಹೇಳಿ ಅತ್ತುಬಿಟ್ಟಳು. ಇವಳಿಗೂ ಕಣ್ಣು ತುಂಬಿತು. ಅವಳ ಕೈ ಹಿಡಿದುಕೊಂಡಳು.

ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ಆ ಗುಂಡಿಗೆ ಬೀಗ ಹಾಕಿದ ಜಾಲರಿ ಬಂದಿತ್ತು. ಡಬ್ಬಿಯನ್ನು ಅಲ್ಲಿಂದ ತೆಗೆಯಲು ಇಬ್ಬರೂ ಒಟ್ಟಿಗೆ ಹೋದರು. ಗೇಟಿನ ಹತ್ತಿರ ಬರುತ್ತಿದ್ದಂತೆ ಇವಳೇ ನಿಂತುಬಿಟ್ಟಳು. ಓರಗಿತ್ತಿಯೇ ಊರುಗೋಲು ಹಿಡಿದು ಹೋಗಿ ಡಬ್ಬಿ ಕಿತ್ತು ತಂದಳು. ಇವಳು ಚೀಟಿ ಬಿಡಿಸಿ, ಪೆನ್ನು ಮುಂದೆ ಮಾಡಿದಳು.

“ಅಯ್ಯೋ, ಬೇಡಪ್ಪ,” ಎಂದಳು ಓರಗಿತ್ತಿ. “ಬಾಯಿಬಿಟ್ಟು ಹೇಳಿಸ್ಕೊಂಡು ತೆಗೆದದ್ದಕ್ಕೆ ಯಾರಾದ್ರೂ ಹೆಸರು ಬರೀತಾರಾ? ಬೇರೆ ಕಡೆ ಇಡಿ. ಹುಡುಕ್ತೀನಿ.”