ಮಣ್ಣಿಗೆ ಹೆಪ್ಪು ಹಾಕುವ ಗಾದೆಮ್ಮ

ಡಿಎಪಿ ಗೊಬ್ಬರದ ಚೀಲಕ್ಕೆ ಸಾವಿರದ ಮುನ್ನೂರೈವತ್ತು ರೂಪಾಯಿ. ಗೊಬ್ಬರದಂಗಡಿಯಲ್ಲಿ ‘ಜೀವಾಣು’ ಎಂದು ಬರೆದ ಪುಡಿಯ ಪೊಟ್ಟಣಕ್ಕೆ ಇನ್ನೂರ ನಲವತ್ತು; ತಗಡಿನ ಸೂರಿನ ಕೆಳಗೆ ಎರಡು ಬೇಸಿಗೆ ಬೆಂದ ಆ ಪೊಟ್ಟಣದಲ್ಲಿ ಜೀವ ಉಳಿದಿದೆಯೇ ಎಂದು ಕೇಳುವವರಿಲ್ಲ. ರಕ್ತ ಕಮ್ಮಿಯಾದ ಬಸುರಿಯನ್ನು ಬಳ್ಳಾರಿಗೆ ಕರೆದೊಯ್ಯಲು ಬಾಡಿಗೆ ಕಾರಿಗೆ ನಾಲ್ಕು ಸಾವಿರ. ಗಾದೆಮ್ಮನ ಒಂದು ಪುಟ್ಟಿ ಮಣ್ಣಿಗೆ ಮಾತ್ರ ಬೆಲೆಯೇ ಇಲ್ಲ. ಅದಕ್ಕೇ ಇರಬೇಕು, ಅದು ಯಾರ ಕಣ್ಣಿಗೂ ಬಿದ್ದಿಲ್ಲ.

ಗುಡೇಕೋಟೆಯ ಆಚೆ, ಬಂಡೆಗುಡ್ಡದ ಬುಡದಲ್ಲಿ, ಬೆಳಗಿನ ಐದೂವರೆ. ಐವತ್ತೆಂಟರ ಗಾದೆಮ್ಮ ಸೀರೆ ಎತ್ತಿ ಕಟ್ಟಿ, ಒಂದೂವರೆ ಎಕರೆ ಕೆಂಪು ಮಸಾರಿ ಹೊಲದ ಮೇಲ್ಮಣ್ಣನ್ನು ಸಲಿಕೆಯಿಂದ ಬಗೆದು ಪುಟ್ಟಿಗೆ ತುಂಬುತ್ತಿದ್ದಾರೆ. ತುಂಬಿದ ಪುಟ್ಟಿಗೆ ಒದ್ದೆ ಗೋಣಿತಾಟು ಹೊದಿಸುತ್ತಾರೆ. ಬಿಸಿಲು ತಾಗಿದರೆ ಒಳಗಿರುವ ಜೀವ ಸಾಯುತ್ತದೆ. ಹೊತ್ತು ಏರುವುದರೊಳಗೆ ಕೆಲಸ ಮುಗಿಯಬೇಕು. ಇವತ್ತೇ ಮುಗಿಯಬೇಕು, ಆರು ವರ್ಷ ಪಾಲಿಗೆ ಮಾಡಿದ ಈ ಹೊಲವನ್ನು ಒಡೆಯ ಗುರುಸಂಗಪ್ಪ ಗೌಡರು ಬಿಡಿಸಿಕೊಂಡಿದ್ದಾರೆ, ನಾಳೆ ಟ್ರ್ಯಾಕ್ಟರ್ ಬರುತ್ತದೆ.

“ಲೇ ಗಾದಿ, ಹೊಲಾನ ತಲಿಮ್ಯಾಲೆ ಹೊತ್ಕೊಂಡು ಹೊಂಟಿಯಲ್ಲ, ಬದುನಾರ ಬಿಟ್ಟೀಯೇನು?” ಪಕ್ಕದ ಹೊಲದ ಶಿವಬಸಮ್ಮ ಛೇಡಿಸುತ್ತಾರೆ.

“ಬದು ಗೌಡ್ರಿಗಿರ್ಲಿ, ಕುಂದ್ರಾಕ ಬೇಕಲ್ಲ. ನೀ ಮೊದ್ಲು ಪುಟ್ಟಿ ಹಿಡಿ, ಬಾಯಿ ಆಮ್ಯಾಲೆ.”

ಇದೆಲ್ಲ ಶುರುವಾದದ್ದು ಮಗಳು ರೇಣುಕಾ ಬಸುರಿಯಾಗಿದ್ದಾಗ. ರಕ್ತದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಸಜ್ಜೆ ರೊಟ್ಟಿ ತಿನ್ನಿಸಿ ಎಂದು ನರ್ಸಮ್ಮ ಹೇಳಿದಾಗ ಗಾದೆಮ್ಮನಿಗೆ ರೇಗಿಹೋಯಿತು. “ಮೂರು ಹೊತ್ತು ಅದನ್ನ ತಿಂತೀವ್ರಿ! ನಮ್ಮವ್ವನೂ ಅದನ್ನ ತಿಂದು ಏಳು ಹಡದ್ಲು, ಗಟ್ಟಿ ಇದ್ಲು. ಈಗಿನ ರೊಟ್ಯಾಗ ಏನೈತಿ? ಹೊಟ್ಟಿ ತುಂಬತೈತಿ, ಮೈಗೆ ಹತ್ತಂಗಿಲ್ಲ.”

ಆ ಸಿಟ್ಟಿನಲ್ಲೇ ಅವರ ಕಣ್ಣು ಒಂದು ಸಾಲಿನ ಮೇಲೆ ಬಿತ್ತು. ಎಂದೂ ನೇಗಿಲು ಕಾಣದ ಬದುವಿನ ಕಾರೆ ಮುಳ್ಳುಕಂಟಿಯ ಪಕ್ಕದ ಸಜ್ಜೆ ಮಾತ್ರ ಕಡುಹಸಿರಾಗಿ ಸೊಂಪಾಗಿ ನಿಂತಿತ್ತು. ಕಿತ್ತು ನೋಡಿದರೆ ಬೇರಿನಿಂದ ಮಣ್ಣು ಉದುರಲೊಲ್ಲದು. ಕಂಟಿಯ ಬುಡದ ಮಣ್ಣಿನಲ್ಲಿ ಜೇಡನ ಬಲೆಯಂಥ ಬಿಳಿ ಎಳೆಗಳು. ಮುಂದಿನ ಮುಂಗಾರಿಗೆ ಅವರು ಗುಡ್ಡದಂಚಿನ ಕಂಟಿಗಳ ಬುಡದಿಂದ ಅಂಥ ಮಣ್ಣು ಹೊತ್ತು ತಂದು, ಬಿತ್ತುವ ಸಾಲಿಗೆ ಹಿಡಿ ಹಿಡಿ ಹಾಕಿದರು. “ಹಾಲಿಗೆ ಹೆಪ್ಪು ಹಾಕ್ತೀವಲ್ರಿ, ಹಂಗ.” ದಂಟು ಸುಡುವುದನ್ನು ಬಿಟ್ಟರು, ಡಿಎಪಿ ಬಿಟ್ಟರು, ಹಿಕ್ಕೆಯ ಗೊಬ್ಬರಕ್ಕೆಂದು ವರ್ಷಕ್ಕೊಮ್ಮೆ ಹೊಲದಲ್ಲಿ ಕುರಿ ನಿಲ್ಲಿಸಿದರು. ಮೊದಲೆರಡು ವರ್ಷ ಇಳುವರಿ ಬಿದ್ದು ಊರು ನಕ್ಕಿತು. ಮೂರನೆಯ ವರ್ಷ ನಗು ನಿಂತಿತು. ರೇಣುಕಾಳ ಎರಡನೆಯ ಬಸುರಿನಲ್ಲಿ ರಕ್ತ ಹನ್ನೊಂದಿತ್ತು. “ಗುಳಿಗೀನೂ ನುಂಗ್ಯಾಳ್ರಿ. ರೊಟ್ಟಿದೆಷ್ಟು, ಗುಳಿಗಿದೆಷ್ಟು, ಸುಳ್ಳು ಯಾಕ ಹೇಳ್ಲಿ?” ಎನ್ನುತ್ತಾರೆ.

ಗಾದೆಮ್ಮ ಕಣ್ಣಳತೆಯಲ್ಲಿ ಕಂಡದ್ದು ಕೃಷಿ ಅಧಿಕಾರಿಗಳ ಪುಸ್ತಕದಲ್ಲೂ ಇದೆ. ಮಣ್ಣಿನ ಸೂಕ್ಷ್ಮ ಶಿಲೀಂಧ್ರಗಳು ಬೇರಿಗೆ ಅಂಟಿಕೊಂಡು, ಬೇರಿಗೆ ಎಟುಕದ ಕಡೆಯ ಸತು, ಕಬ್ಬಿಣದಂಥ ಸತ್ವಗಳನ್ನು ತಂದು ಗಿಡಕ್ಕೆ ಕೊಡುತ್ತವೆ. ಡಿಎಪಿಯಂಥ ರಂಜಕದ ಗೊಬ್ಬರವನ್ನು ಅತಿಯಾಗಿ ಸುರಿದರೆ ಗಿಡ ಅವುಗಳ ಸಹವಾಸ ಬಿಡುತ್ತದೆ. ತೆನೆ ದಪ್ಪಗಿರುತ್ತದೆ, ಕಾಳಿನೊಳಗಿನ ಸತ್ವ ಇಳಿದಿರುತ್ತದೆ. ಇದು ಗೊತ್ತಿದ್ದವರು ಜೀಪಿನಲ್ಲಿ ಓಡಾಡುತ್ತಾರೆ. ಸುಗ್ಗಿ ಮುಗಿದ ಮೇಲೆ ಹರಪನಹಳ್ಳಿಯಿಂದ ಕೊಟ್ಟೂರಿನವರೆಗೆ ರಸ್ತೆಯ ಎರಡೂ ಬದಿ ಮೆಕ್ಕೆಜೋಳದ ದಂಟು ಉರಿಯುತ್ತಿರುತ್ತದೆ. ಅವರು ಗಾಜು ಏರಿಸಿಕೊಂಡು ದಾಟುತ್ತಾರೆ. ಆಮೇಲೆ ಅಂಗನವಾಡಿಗೆ ಪೌಷ್ಟಿಕತೆಯ ಬ್ಯಾನರ್ ಬರುತ್ತದೆ.

ಕಳೆದ ವರ್ಷ ಒಬ್ಬ ಅಧಿಕಾರಿ ಇಲ್ಲಿ ಇಳಿದದ್ದು ನಿಜ. ಗಾದೆಮ್ಮನ ಸಜ್ಜೆ ಒಂದು ಹಿಡಿ, ಆಚೆ ಹೊಲದ್ದು ಒಂದು ಹಿಡಿ ಒಯ್ದು ಪರೀಕ್ಷೆ ಮಾಡಿಸಿ, ಫಲಿತಾಂಶದ ಹಾಳೆ ಕೊಟ್ಟರು. ಇವರ ಕಾಳಿನಲ್ಲಿ ಸತು ಹೆಚ್ಚುಕಮ್ಮಿ ಒಂದೂವರೆ ಪಟ್ಟು ಇತ್ತು. ಓದು ಬಾರದ ಗಾದೆಮ್ಮ ಆ ಹಾಳೆ ಹಿಡಿದು ನೇರ ಒಡೆಯನ ಮನೆಗೆ ಹೋದರು. ಹೊಲ ಚೆನ್ನಾದರೆ ಹೊಲದವನಿಗೆ ಹೇಳಬೇಕು, ಅದು ಅವರು ಕಂಡುಕೊಂಡು ಬಂದ ರೀತಿ. ಗುರುಸಂಗಪ್ಪ ಎರಡು ಸಲ ಓದಿ, “ಇಷ್ಟು ಚಲೋ ಆಗೈತಂದ್ರ ಸಜ್ಜಿ ಯಾಕಬೇ? ಮೆಕ್ಕೆಜೋಳ ಹಾಕ್ತೀನಿ. ನೀ ಬಿಡು” ಎಂದರು. ಪಾಲಿನ ಮಾತು ಬಾಯಿಮಾತು. ಕಾಗದ ಇದ್ದದ್ದು ಅದೊಂದೇ, ಅದೂ ಒಡೆಯನ ಜೇಬಿಗೇ ಹೋಯಿತು.

“ಆ ಹಾಳೀನ ಒಲಿಗೆ ಹಾಕಿದ್ರ ಹೊಲ ಉಳೀತಿತ್ರಿ” ಎನ್ನುವಾಗ ಗಾದೆಮ್ಮನ ಸಲಿಕೆ ಇನ್ನಷ್ಟು ಜೋರಾಗಿ ಬೀಳುತ್ತದೆ.

ಆರೂಕಾಲಕ್ಕೆ ಗುರುಸಂಗಪ್ಪನವರ ಬೈಕು ಬಂದು ನಿಲ್ಲುತ್ತದೆ. “ಏನಬೇ ಗಾದೆಮ್ಮ, ಮಣ್ಣು ಕದಿಯಾಕ ಹತ್ತೀಯಾ? ಹೊಲ ನಂದು!”

ಗಾದೆಮ್ಮ ಪುಟ್ಟಿ ಇಳಿಸುವುದಿಲ್ಲ. “ಹೊಲ ನಿಮ್ದರಿ ಗೌಡ್ರ. ನೀವು ಕೊಟ್ಟಾಗ ಇದ್ರಾಗ ಇರುವಿನೂ ಇರಲಿಲ್ಲ. ಗುಡ್ಡದಿಂದ ನಾ ತಂದಿದ್ದು ನಾ ಒಯ್ತೀನಿ. ಪೊಲೀಸ್ರನ್ನ ಕರೀರಿ, ಯಾವ ಹುಳ ಯಾರದು ಅಂತ ಅವ್ರ ಎಣಿಸ್ಲಿ.”

ಶಿವಬಸಮ್ಮ ಸೆರಗು ಬಾಯಿಗೆ ಒತ್ತಿ ನಗುತ್ತಾರೆ. ಗುರುಸಂಗಪ್ಪ ಬೈಕಿನ ಕಿಕ್ ಒದೆಯುತ್ತಾರೆ. “ಒಯ್ಯಿ ಒಯ್ಯಿ. ಮಣ್ಣಿಗೇನು ಬರ? ಚೀಲ ಗೊಬ್ಬರ ಹಾಕಿದ್ರ ಆತು.”

ಊರಿನ ಹನ್ನೊಂದು ಹೆಂಗಸರ ಹೊಲಕ್ಕೆ ಹೆಪ್ಪಾಗಿ ತಲಾ ನಾಲ್ಕು ಪುಟ್ಟಿ ಹೋಗುತ್ತದೆ. ಹೆಪ್ಪು ಹಿಡಿಯಲು ಮೂರು ವರ್ಷ ಬೇಕು. ಏನು ಆಸೆ ಎಂದು ಕೇಳಿದರೆ ಗಾದೆಮ್ಮ ಸಲಿಕೆಯ ಮಣ್ಣು ಬಡಿಯುತ್ತಾ, “ನನ್ನ ಹೆಸ್ರಿಗೆ ಒಂದು ಗುಂಟೆ ಇದ್ದಿದ್ರ ಯಾರಿಗೂ ಹಾಳಿ ತೋರ್ಸಬೇಕಿರಲಿಲ್ರಿ” ಎನ್ನುತ್ತಾರೆ.

ಹೋದದ್ದು ಆರು ವರ್ಷದ ದುಡಿಮೆ ಮತ್ತು ಒಂದೂವರೆ ಎಕರೆ. ಉಳಿದದ್ದು ನಲವತ್ನಾಲ್ಕು ಪುಟ್ಟಿ ಮಣ್ಣು, ಅದೂ ಬೇರೆಯವರ ಹೊಲದಲ್ಲಿ.