ತಕ್ಕಡಿಯಮ್ಮನ ಹಗುರ ಕಂಪ್ಯೂಟರು

ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಆಕೆಯ ಉದ್ಯೋಗ. ಇಪ್ಪತ್ತಾರು ವರ್ಷಗಳಿಂದ ಅದೇ ಕೆಲಸ, ಅದೇ ಬಸ್ಸುಗಳು. ವ್ಯಾಪಾರಿಗಳು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ತಕ್ಕಡಿಯಮ್ಮ ಎನ್ನುತ್ತಿದ್ದರು. ಎರಡನೆಯದೇ ಆಕೆಗೆ ಹೆಚ್ಚು ಹಿಡಿಸಿತ್ತು. ಅಂಗೈ ಮೇಲೆ ಯಾವ ಪೊಟ್ಟಣ ಇಟ್ಟರೂ ಕಣ್ಣು ಮುಚ್ಚಿಕೊಂಡೇ ತೂಕ ಹೇಳುತ್ತಿದ್ದಳು. ಹೇಳಿದ್ದು ಹತ್ತು ಗ್ರಾಂ ಆಚೀಚೆ ಆಗುತ್ತಿರಲಿಲ್ಲ.

ಇಂಥವಳ ಬಲ ಹೆಗಲು ಐವತ್ತೈದನೆಯ ವಯಸ್ಸಿಗೆ ಮುಷ್ಕರ ಹೂಡಿತು. ಹೂಡದೆ ಏನು ಮಾಡೀತು? ಚೀಲದಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆಯೇ ಆರು ಕಿಲೋ. ಅದರ ಜೊತೆಗೆ ಕಚೇರಿಯವರು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪು, ಇಟ್ಟಿಗೆಯಂಥ ಅದರ ಚಾರ್ಜರು, ಅದೂ ಸಾಲದೆಂದು ದಪ್ಪ ರಿಜಿಸ್ಟರು. ರಾತ್ರಿ ಗಂಡ ಎಣ್ಣೆ ತಿಕ್ಕುತ್ತಾ, ಊರಿನವರ ತೂಕವನ್ನೆಲ್ಲ ನೀನೊಬ್ಬಳೇ ಹೊರಬೇಕೆಂದು ಯಾರು ಹೇಳಿದರು ಎಂದು ಗೊಣಗುತ್ತಿದ್ದ. ಆತ ದರ್ಜಿ, ಗೊಣಗಿದರೂ ಕೈ ನಿಲ್ಲಿಸುವವನಲ್ಲ.

ಕೊನೆಗೆ ಇಬ್ಬರೂ ಹೋಗಿ ಒಂದು ತೆಳುವಾದ ಕಂಪ್ಯೂಟರು ತಂದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಚಾರ್ಜರು, ಬಿಸ್ಕತ್ತಿನಂತೆ ಚಪ್ಪಟೆಯಾದ ಮೌಸು, ಮಡಿಸಿಡುವ ಸ್ಟ್ಯಾಂಡು, ಉಗುರಿನಷ್ಟು ಚಿಕ್ಕ ಪೆನ್‌ಡ್ರೈವು ಅದರ ಪರಿವಾರ. ಮನೆಗೆ ಬಂದವಳೇ ಆಕೆ ಮಾಡಿದ ಮೊದಲ ಕೆಲಸ ಅದನ್ನು ತೂಗಿದ್ದು. ಡಬ್ಬಿಯ ಮೇಲೆ ಒಂಬೈನೂರ ಎಪ್ಪತ್ತು ಗ್ರಾಂ ಎಂದಿತ್ತು; ತಕ್ಕಡಿ ಒಂಬೈನೂರ ಎಪ್ಪತ್ತಾರು ಎಂದಿತು.

"ಆರು ಗ್ರಾಂ ಸುಳ್ಳು ಹೇಳಿದಾನೆ," ಎಂದಳು.

"ಮೇಲಿರೋ ಚೀಟಿಗಳನ್ನ ಕಿತ್ತು ತೂಗು, ಮಾರಾಯ್ತಿ," ಎಂದ ಗಂಡ. "ಪಾಪ, ಮಾಡಿದವನ ಹೊಟ್ಟೆ ಮೇಲೆ ಹೊಡೀಬೇಡ."

ಆತ ಚೀಲದ ಒಳಗೆ ಸ್ಪಂಜು ಇಟ್ಟು, ಎರಡೆರಡು ಸಾಲು ಹೊಲಿಗೆ ಹಾಕಿ, ಕಂಪ್ಯೂಟರಿಗೊಂದು ಜೇಬು ಮಾಡಿಕೊಟ್ಟ.

ಆಕೆಯ ಮೇಲಧಿಕಾರಿ ಹಳೆಯ ಕಾಲದ ಮನುಷ್ಯ. ರಿಜಿಸ್ಟರು ಇಲ್ಲದೆ ತಪಾಸಣೆಗೆ ಹೋಗುವುದೆಂದರೆ ಅವರ ದೃಷ್ಟಿಯಲ್ಲಿ ಚಪ್ಪಲಿ ಇಲ್ಲದೆ ಮುಳ್ಳಿನ ಮೇಲೆ ನಡೆದಂತೆ. ಹದಿನೈದು ದಿನ ಬೆನ್ನು ಹತ್ತಿ, ಈ ಒಂದು ಸುತ್ತು ಕಂಪ್ಯೂಟರಿನಲ್ಲೇ ಬರೆದುಕೊಳ್ಳುತ್ತೇನೆ, ಏನಾದರೂ ಆದರೆ ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟು ಆಕೆ ಅನುಮತಿ ಪಡೆದಳು. ಮೂರು ವಾರ, ಒಂಬತ್ತು ಊರು, ನಲವತ್ತೊಂದು ತಕ್ಕಡಿ. ಎಲ್ಲದರ ಅಳತೆಯೂ ಆ ತೆಳು ಯಂತ್ರದ ಹೊಟ್ಟೆಯಲ್ಲಿತ್ತು. ನಿಗದಿಯ ದಿನ ಸಂಜೆ ಐದರೊಳಗೆ ಆ ಅಳತೆಗಳು ಕಚೇರಿ ತಲುಪದಿದ್ದರೆ ಒತ್ತಿದ ಮುದ್ರೆಗಳೆಲ್ಲ ರದ್ದು. ನಲವತ್ತೊಂದು ಅಂಗಡಿಯನ್ನೂ ಮತ್ತೆ ಸುತ್ತಬೇಕು. ಜೊತೆಗೆ ಕೊಟ್ಟ ಮಾತೂ ಮಣ್ಣುಪಾಲು.

ಆ ನಿಗದಿಯ ದಿನ ಬೆಳಿಗ್ಗೆ ಚೀಲ ತೆರೆದರೆ ಗಂಡ ಹೊಲಿದ ಜೇಬು ಖಾಲಿ.

ಚೀಲದಲ್ಲಿದ್ದುದನ್ನೆಲ್ಲ ಹೊರಗೆ ತೆಗೆದಿಟ್ಟಳು. ಬಟ್ಟುಗಳ ಪೆಟ್ಟಿಗೆ ಇತ್ತು, ಚಾರ್ಜರು ಇತ್ತು, ಮೌಸು ಇತ್ತು, ಸ್ಟ್ಯಾಂಡೂ ಇತ್ತು. ದೊರೆಯೊಬ್ಬ ಇಲ್ಲ, ಪರಿವಾರವೆಲ್ಲ ಇದೆ.

"ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕ್ಕೊಂಡಿದೀನಿ ಅಂತಿದ್ದೆಯಲ್ಲ?" ಎಂದ ಗಂಡ.

ಹಾಕಿಕೊಂಡಿದ್ದು ನಿಜ. ಆದರೆ ಉಗುರಿನಷ್ಟು ಚಿಕ್ಕದು ಎಲ್ಲಾದರೂ ಕಳೆದುಹೋದೀತೆಂದು ಅದನ್ನು ಕಂಪ್ಯೂಟರಿಗೇ ಚುಚ್ಚಿ ಬಿಟ್ಟಿದ್ದಳು. ಆತ ಖಾಲಿ ಜೇಬಿನ ಹೊಲಿಗೆಯನ್ನು ಎಳೆದೆಳೆದು ನೋಡತೊಡಗಿದ. ಬೈದಿದ್ದರೇ ವಾಸಿಯಿತ್ತು.

ಹಳೆಯ ಯಂತ್ರವನ್ನು ಮರೆತು ಒಂದು ಹೆಜ್ಜೆ ಇಟ್ಟಿದ್ದರೂ ಹೆಗಲೇ ಕೂಗಿ ಹೇಳುತ್ತಿತ್ತು. ಆರು ಕಿಲೋ ಹಿತ್ತಾಳೆಯ ಪಕ್ಕದಲ್ಲಿ ಒಂದು ಕಿಲೋಗೂ ಕಡಮೆಯದು ಇದ್ದರೇನು, ಇಲ್ಲದಿದ್ದರೇನು? ಅಂಗೈಯಲ್ಲಿ ಹತ್ತು ಗ್ರಾಂ ಗುರುತಿಸುವವಳಿಗೆ ಹೆಗಲ ಮೇಲೆ ಒಂದು ಕಿಲೋ ಇಲ್ಲದ್ದು ತಿಳಿಯಲಿಲ್ಲ. ಅದು ಆಕೆಗೆ ಕಳೆದುಕೊಂಡದ್ದಕ್ಕಿಂತ ಹೆಚ್ಚಿನ ಅವಮಾನವಾಗಿ ಕಂಡಿತು.

ಬಸ್ ನಿಲ್ದಾಣಕ್ಕೆ ಫೋನು ಮಾಡಿದಳು. ಒಂದು ಕೊಡೆ, ಒಂದು ಟಿಫನ್ ಡಬ್ಬಿ ಸಿಕ್ಕಿವೆ, ಬೇಕೇ ಎಂದು ಅವರು ಕೇಳಿದರು. ಹಿಂದಿನ ದಿನ ಕೊನೆಯದಾಗಿ ಹೋಗಿದ್ದ ಔಷಧಿ ಅಂಗಡಿಗೆ ಮಾಡಿದಳು. ಹನ್ನೊಂದು ಬಾರಿ ಮಾಡಿದರೂ ಯಾರೂ ಎತ್ತಲಿಲ್ಲ. ಕಂಪ್ಯೂಟರು ಸಿಕ್ಕಿತೆಂದು ಅಂಗಡಿ ಮುಚ್ಚಿ ಓಡಿಹೋದನೇ ಎಂಬ ಕೆಟ್ಟ ಯೋಚನೆಯೂ ಒಮ್ಮೆ ಸುಳಿದುಹೋಯಿತು. ನಿಂತ ಕಾಲಲ್ಲೇ ಹೊರಟು, ಎಂಟು ಗಂಟೆಯ ಬಸ್ಸು ಹಿಡಿದಳು.

ದಾರಿಯುದ್ದಕ್ಕೂ ಹಿಂದಿನ ಮಧ್ಯಾಹ್ನವನ್ನು ಮನಸ್ಸಿನಲ್ಲೇ ಬಿಚ್ಚಿ ಬಿಚ್ಚಿ ನೋಡಿದಳು. ಔಷಧಿಪುಡಿ ತೂಗುವ ಸೂಕ್ಷ್ಮ ತಕ್ಕಡಿ ಅದು. ಯಾರಾದರೂ ಜೋರಾಗಿ ಉಸಿರು ಬಿಟ್ಟರೂ ಮುಳ್ಳು ಅಲುಗುತ್ತದೆ. ಹಿಂದಿನ ವರ್ಷ ಅಂಗಡಿಯವನು ಪರೀಕ್ಷೆಯ ನಡುವೆ ಮೇಜಿಗೆ ಮೊಣಕೈ ಊರಿ, ತಕ್ಕಡಿಯೇ ತಪ್ಪೆಂದು ಬರೆಸಿಕೊಂಡಿದ್ದ. ಆದ್ದರಿಂದ ಈ ಸಲ ಮೊದಲೇ ಗದರಿಸಿದ್ದಳು: ಫ್ಯಾನು ಆರಿಸಿ, ನಾನು ಹೇಳುವ ತನಕ ಈ ಮೇಜಿನ ಮೇಲಿನ ಒಂದು ಕಡ್ಡಿಯನ್ನೂ ಮುಟ್ಟಬೇಡಿ. ಆದರೂ ಬೀದಿಯ ಕಡೆಯಿಂದ ಗಾಳಿ ಬರುತ್ತಿತ್ತು. ಆಗ...

ಆಗ ಕಂಪ್ಯೂಟರನ್ನು ಅರೆ ಬಿಚ್ಚಿದ ಪುಸ್ತಕದಂತೆ ತಕ್ಕಡಿಯ ಸುತ್ತ ನಿಲ್ಲಿಸಿದ್ದಳು, ಗಾಳಿಗೆ ಮರೆಯಾಗಿ. ಅಳತೆಗಳನ್ನು ಚೀಟಿಯಲ್ಲಿ ಗೀಚಿಕೊಂಡಿದ್ದಳು, ಆಮೇಲೆ ಏರಿಸಿದರಾಯಿತೆಂದು. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿ, ಬಟ್ಟುಗಳನ್ನು ಮಾತ್ರ ಒಂದೊಂದಾಗಿ ಲೆಕ್ಕವಿಟ್ಟು ತುಂಬಿಕೊಂಡು ಓಡಿದ್ದಳು. ಬಸ್ಸಿನಲ್ಲಿ ಕೂತದ್ದೇ ನಿದ್ದೆ.

ಜಾಗ ನೆನಪಾಯಿತು ಸರಿ. ಒಂದು ರಾತ್ರಿ ಕಳೆದ ಮೇಲೂ ಅದು ಅಲ್ಲೇ ಇರಬೇಕಲ್ಲ?

ಅಂಗಡಿ ತೆರೆದಿತ್ತು. ಔಷಧಿಯವನು ಬೆವರಿನಲ್ಲಿ ತೊಯ್ದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಒಳಗೆ ಮೇಜಿನ ಮೇಲೆ ತಕ್ಕಡಿ. ಅದರ ಸುತ್ತ, ಆಕೆ ನಿಲ್ಲಿಸಿದಂತೆಯೇ, ಕೂದಲೆಳೆಯಷ್ಟೂ ಸರಿಯದೆ ನಿಂತಿದ್ದ ಕಂಪ್ಯೂಟರು.

ಹೋದ ಜೀವ ಬಂದಂತಾಯಿತು. ಆಕೆ ಗಲ್ಲಾದ ಪಕ್ಕ ಚೀಲ ಇಳಿಸಿ, ಪೆನ್‌ಡ್ರೈವೂ ಇದೆಯೇ ಎಂದು ಬಗ್ಗಿ ನೋಡಿದಳು.

"ಮುಗೀತಾ ಮೇಡಂ ಪರೀಕ್ಷೆ?" ಎಂದ ಆತ ಮೆಲ್ಲಗೆ. "ಅದು ರಾತ್ರಿಯೆಲ್ಲ ಅಳೀತಾ ಇದೆ ಅಂದ್ಕೊಂಡೆ. ಉಸಿರು ಬಿಡೋಕೂ ಹೆದರಿಕೆ."

"ಫೋನು ಯಾಕೆ ಎತ್ತಲಿಲ್ಲ?"

"ಅದೂ ಮೇಜಿನ ಮೇಲೇ ಇದೆಯಲ್ಲ. ಒಂದು ಕಡ್ಡಿನೂ ಮುಟ್ಟಬೇಡಿ ಅಂದಿದ್ರಿ. ಯಾರೋ ಪುಣ್ಯಾತ್ಮರು ಬೆಳಿಗ್ಗೆಯಿಂದ ಹನ್ನೊಂದು ಸಲ ಬಾರಿಸಿದ್ರು."

ಆ ಪುಣ್ಯಾತ್ಮೆ ತಾನೇ ಎಂದು ಹೇಳುವಷ್ಟರಲ್ಲಿ ಆಕೆಗೆ ನಗು ತಡೆಯಲಾಗಲಿಲ್ಲ. ಫ್ಯಾನು ಹಾಕಿಸಿ, ಮನಸ್ಸಿಗೆ ಕಳವಿನ ಸಂಶಯ ಬಂದಿತ್ತೆಂಬುದನ್ನು ನುಂಗಿಕೊಂಡು, ಆತನ ಕ್ಷಮೆ ಕೇಳಿದಳು. ಚಾರ್ಜರು ಚುಚ್ಚಿ, ಚೀಟಿ ನೋಡಿ ಕೊನೆಯ ತಕ್ಕಡಿಯ ಅಳತೆ ಏರಿಸಿ, ಹನ್ನೊಂದೂವರೆಗೆ ಎಲ್ಲವನ್ನೂ ಕಚೇರಿಗೆ ಕಳಿಸಿದಳು. ಐದು ನಿಮಿಷಕ್ಕೆ ಮೇಲಧಿಕಾರಿಯೇ ಫೋನು ಮಾಡಿದರು. ನಲವತ್ತೊಂದೂ ಬಂದಿವೆ, ಅಚ್ಚುಕಟ್ಟಾಗಿವೆ, ಏನೂ ತೊಂದರೆಯಾಗಲಿಲ್ಲ ತಾನೇ ಎಂದು ಕೇಳಿದರು.

ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಬೇರೆಯವರ ಐದು ಗ್ರಾಂ ತಪ್ಪನ್ನು ಎತ್ತಿ ತೋರಿಸುತ್ತಾ ಜೀವ ಸವೆಸಿದವಳಿಗೆ ಆ ಮಾತು ಬಾಯಿಗೆ ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆ ಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ನೋಡಮ್ಮ," ಎಂದರು ಅವರು, ದನಿ ತಗ್ಗಿಸಿ. "ಹತ್ತೊಂಬತ್ತು ವರ್ಷದ ಹಿಂದೆ ನಾನು ರಿಜಿಸ್ಟರನ್ನ ರೈಲಲ್ಲಿ ಬಿಟ್ಟಿದ್ದೆ. ಟ್ಯಾಕ್ಸಿ ಮಾಡ್ಕೊಂಡು ನಾಲ್ಕು ಸ್ಟೇಷನ್ ಅಟ್ಟಿಸ್ಕೊಂಡು ಹೋದೆ. ನನ್ನ ಹೆಂಡತಿಗೂ ಹೇಳಿಲ್ಲ. ನೀನು ಮುಂದಿನ ಸುತ್ತಿಗೂ ಕಂಪ್ಯೂಟರೇ ತಗೊಂಡು ಹೋಗು."

ಆಕೆ ಆಗಲಿ ಎಂದು ಫೋನು ಇಟ್ಟು, ಸಿಕ್ಕಿತು ಎಂಬ ಒಂದೇ ಮಾತನ್ನು ಗಂಡನಿಗೆ ಕಳಿಸಿದಳು. ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಅಂಗಡಿಯವನು ತಂದುಕೊಟ್ಟ ತಣ್ಣೀರು ಕುಡಿದು, ಕುರ್ಚಿಯಲ್ಲಿ ಕಾಲು ನೀಡಿಕೊಂಡು, ಏನನ್ನೂ ಯೋಚಿಸದೆ ಬೀದಿ ನೋಡುತ್ತಾ ಕೂತಳು.